ಬೆನ್ನಿನ ನರದ ದೊಡ್ಡ ಗಡ್ಡೆ: ಆಪರೇಶನ್ನಿಗೆ ಹೆದರುವ ಮುನ್ನ



ದುಡಿಯುವವರು ಹಾಸಿಗೆ ಹಿಡಿದರೆ ಮೊದಲು ನಿಲ್ಲುವುದು ಮಕ್ಕಳ ಓದು. ಹೀಗಾಗಿ ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ ಒಂದು ಕಾಯಿಲೆಯ ಮಾಹಿತಿಯನ್ನೂ ಕೊಡುತ್ತಿದ್ದೇವೆ. ಈ ಸಲದ್ದು, ಬೆನ್ನುಹುರಿಯಿಂದ ಹೊರಡುವ ನರಗಳ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ.

ನರಗುಂದದ ಹಮಾಲ ಬಂಧುಗಳಿಗೆ ಟೊಂಕ ನೋವು ಹೊಸದಲ್ಲ. ಚೀಲ ಹೊತ್ತ ನೋವು ಮಲಗಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಗಡ್ಡೆಯ ನೋವು ಅನೇಕರಿಗೆ ರಾತ್ರಿ ಮಲಗಿದಾಗಲೇ ಹೆಚ್ಚುತ್ತದೆ. ಒಂದೇ ಕಾಲಿಗೋ ಕೈಗೋ ಪಕ್ಕೆಗೋ ಹರಿಯುತ್ತದೆ. ಆಮೇಲೆ ಜೋಮು, ಕಾಲಿನ ಕಸುವು ಕುಂದುವುದು. ಮೂತ್ರದ ಹಿಡಿತ ತಪ್ಪಿತೆಂದರೆ ಒಂದು ದಿನವೂ ಕಾಯಬಾರದು. ಎಕ್ಸ್‌ರೇಯಲ್ಲಿ ಗಡ್ಡೆ ಕಾಣದೆ ಹೋಗಬಹುದು, ಎಂ.ಆರ್.ಐ. ಬೇಕು.

ಗಡ್ಡೆ ಎಂದ ಕೂಡಲೇ ಕ್ಯಾನ್ಸರ್ ಎಂದು ಎದೆಗುಂದಬೇಕಿಲ್ಲ. ಶ್ವಾನೋಮ, ನ್ಯೂರೋಫೈಬ್ರೋಮ ಎಂಬ ಈ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತವೆ. ಕೆಲವು ಮೂಳೆಯ ಸಂದಿನಿಂದ ಹೊರಬಂದು ಎದೆ ಇಲ್ಲವೆ ಹೊಟ್ಟೆಯ ಕಡೆ ಹಬ್ಬುತ್ತವೆ. ಒಳಗೊಂದು ಉಂಡೆ, ಹೊರಗೊಂದು ಉಂಡೆ, ನಡುವೆ ಸಣ್ಣ ಕುತ್ತಿಗೆ. ಎರಡಕ್ಕಿಂತ ಹೆಚ್ಚು ಬೆನ್ನುಮಣಿಗಳ ಉದ್ದಕ್ಕೆ ಹಬ್ಬಿ, ಮೂಳೆಯನ್ನೇ ಸವೆಸಿ, ಸ್ನಾಯುಗಳೊಳಗೆ ನುಗ್ಗುವ ದೈತ್ಯ ಗಡ್ಡೆಗಳನ್ನು ಹೇಗೆ ಗುರುತಿಸಬೇಕು, ಹೇಗೆ ತೆಗೆಯಬೇಕು ಎಂದು 2001ರಲ್ಲಿ ವಿವರಿಸಿದವರು ನಮ್ಮ ನೆರೆಯ ಚೆನ್ನೈನ ಡಾ. ಕೆ. ಶ್ರೀಧರ್ ಮತ್ತು ಸಂಗಡಿಗರು.

"ನರ ಕತ್ತರಿಸಿದರೆ ಕಾಲು ಹೋಗುವುದಿಲ್ಲವೇ?" ಎಲ್ಲ ಮನೆಗಳ ಪ್ರಶ್ನೆಯೂ ಇದೇ. ವೈದ್ಯರು ಬೆನ್ನುಮಣಿಯ ಹಿಂಬದಿಯ ಮೂಳೆ ತೆಗೆದು ದಾರಿ ಮಾಡಿಕೊಳ್ಳುತ್ತಾರೆ. ದೊಡ್ಡ ಗಡ್ಡೆಯನ್ನು ಇಡಿಯಾಗಿ ಎಳೆಯುವುದಿಲ್ಲ. ಸೂಕ್ಷ್ಮದರ್ಶಕದಡಿ ಮೊದಲು ಅದರ ಒಳತಿರುಳನ್ನು ಖಾಲಿ ಮಾಡಿ, ಕುಗ್ಗಿದ ಸಿಪ್ಪೆಯನ್ನು ಬೆನ್ನುಹುರಿಯಿಂದ ಮೆಲ್ಲಗೆ ಬಿಡಿಸುತ್ತಾರೆ. ಶ್ವಾನೋಮ ಸಾಮಾನ್ಯವಾಗಿ ನರದ ಕೆಲವೇ ಎಳೆಗಳಿಂದ ಹುಟ್ಟುತ್ತದೆ. ಉಳಿದ ಎಳೆಗಳನ್ನು ಉಳಿಸಲು ನೋಡುತ್ತಾರೆ. ಆ ಎಳೆ ಕತ್ತರಿಸಲೇಬೇಕಾದರೂ, ಅದರ ಕೆಲಸವನ್ನು ಅಕ್ಕಪಕ್ಕದ ನರಗಳು ಅಷ್ಟರಲ್ಲಿ ವಹಿಸಿಕೊಂಡಿರುವುದರಿಂದ ಅನೇಕರಿಗೆ ದೊಡ್ಡ ನಷ್ಟವಾಗುವುದಿಲ್ಲ. ಅಪಾಯವೇ ಇಲ್ಲ ಎಂದು ನಾವು ಹೇಳುತ್ತಿಲ್ಲ: ಬಲಹೀನತೆ, ಬೆನ್ನುಹುರಿಯ ನೀರು ಸೋರುವುದು, ಸೋಂಕು ಆಗಬಹುದು. ಮೂಳೆ ಹೆಚ್ಚು ತೆಗೆದರೆ ಸ್ಕ್ರೂ, ರಾಡ್ ಹಾಕಬೇಕಾಗುತ್ತದೆ. ದೊಡ್ಡ ನರಕ್ಕೋ ರಕ್ತನಾಳಕ್ಕೋ ಅಂಟಿದ ಚೂರನ್ನು ಬೇಕೆಂದೇ ಬಿಟ್ಟು, ಮುಂದೆ ಸ್ಕ್ಯಾನ್ ಮಾಡಿಸುತ್ತ ಕಾಯುವುದೂ ಉಂಟು. ಆದರೆ ಕಾಲು ಪೂರ್ತಿ ಬಿದ್ದ ಮೇಲೆ ಮಾಡಿಸಿದ ಆಪರೇಶನ್‌ಗಿಂತ, ನಡೆಯುತ್ತಿರುವಾಗಲೇ ಮಾಡಿಸಿದ್ದು ಹೆಚ್ಚು ಫಲ ಕೊಡುತ್ತದೆ.

ಮೈಮೇಲೆ ಕಾಫಿ ಬಣ್ಣದ ಹಲವು ಮಚ್ಚೆ, ಚರ್ಮದಲ್ಲಿ ಗಂಟುಗಳಿದ್ದರೆ ಮಕ್ಕಳನ್ನೂ ವೈದ್ಯರಿಗೆ ತೋರಿಸಿ. ಅದು ವಂಶದಲ್ಲಿ ಬರುವ ಕಾಯಿಲೆಯಿರಬಹುದು.

ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲೂ (ಹಿಂದಿನ ಕಿಮ್ಸ್) ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನರಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವುಂಟು. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರದ ಬಗ್ಗೆ ಕೇಳಿ. ಬಸ್ಸಿನ ಖರ್ಚು, ಜೊತೆಗಿರುವವರ ಊಟ-ವಸತಿ, ತಿಂಗಳುಗಟ್ಟಲೆ ನಿಂತುಹೋಗುವ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ದಾನಿಗಳ ಜಕಾತ್ ಮತ್ತು ಸದಕಾ ಹಣ ಅರ್ಹ ಕುಟುಂಬಗಳಿಗೆ ಅಲ್ಲಿ ಬೇಕಾಗುತ್ತದೆ. ಮನೆಯಲ್ಲಿ ಇಂಥ ರೋಗಿಯಿದ್ದರೆ ವಿದ್ಯಾರ್ಥಿವೇತನದ ಅರ್ಜಿಯಲ್ಲೇ ಬರೆಯಿರಿ. ರೇಶನ್ ಕಾರ್ಡ್, ಆಧಾರ್ ಮತ್ತು ವೈದ್ಯರ ಚೀಟಿಯ ಪ್ರತಿಗಳನ್ನು ಲಗತ್ತಿಸಿ.