ಹರ್ಮನ್ ಹೆಸ್ಸೆ: ಕಾದಂಬರಿಕಾರನ ಕುಂಚ

‘ಸಿದ್ಧಾರ್ಥ’ ಕಾದಂಬರಿಯ ಕರ್ತೃ ಹರ್ಮನ್ ಹೆಸ್ಸೆಯವರ ಹೆಸರನ್ನು ಕೇಳದ ಸಾಹಿತ್ಯಾಭ್ಯಾಸಿಗಳು ವಿರಳ. ಆದರೆ 1946ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದ ಈ ಜರ್ಮನ್ ಸಾಹಿತಿ ಸುಮಾರು ಮೂರು ಸಾವಿರ ಜಲವರ್ಣ ಚಿತ್ರಗಳನ್ನೂ ರಚಿಸಿದರೆಂಬ ಸಂಗತಿ ಬಹುಮಂದಿಗೆ ತಿಳಿಯದು. ಅವರು ಕುಂಚವನ್ನು ಹಿಡಿದ ಕಾರಣವು ಮನನಯೋಗ್ಯವಾಗಿದೆ.

ಹೆಸ್ಸೆ ಜನಿಸಿದುದು 1877ರಲ್ಲಿ, ಜರ್ಮನಿಯ ಕಾಲ್ವ್ ಎಂಬ ಪಟ್ಟಣದಲ್ಲಿ. ಅವರ ಮನೆತನಕ್ಕೆ ಭಾರತವು ಅಪರಿಚಿತವಾಗಿರಲಿಲ್ಲ. ತಾಯಿ ಹುಟ್ಟಿದ್ದು ಮಲಬಾರಿನ ತಲಚೇರಿಯಲ್ಲಿ. ಮಾತಾಮಹರಾದ ಹರ್ಮನ್ ಗುಂಡರ್ಟ್ 1872ರಲ್ಲಿ ಮಲೆಯಾಳ ನಿಘಂಟನ್ನು ಪ್ರಕಟಿಸಿದ ಪಂಡಿತರು. 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನಿತ್ತ ಕಿಟ್ಟೆಲ್ ಅವರಂತೆ ಬಾಸೆಲ್ ಮಿಷನ್ನಿಗೆ ಸೇರಿದವರು.

1914ರಲ್ಲಿ ಪ್ರಥಮ ಮಹಾಯುದ್ಧವು ಆರಂಭವಾದಾಗ, ಲೇಖಕರು ದ್ವೇಷವನ್ನು ಬಿತ್ತಬಾರದೆಂದು ಹೆಸ್ಸೆ ಸ್ವಿಸ್ ಪತ್ರಿಕೆಯೊಂದರಲ್ಲಿ ಬರೆದರು. ಜರ್ಮನ್ ಪತ್ರಿಕೆಗಳು ಅವರನ್ನು ದೇಶದ್ರೋಹಿಯೆಂದು ಜರೆದವು. 1916ರಲ್ಲಿ ತಂದೆ ತೀರಿಕೊಂಡರು. ಕಿರಿಯ ಮಗ ಕಾಯಿಲೆ ಬಿದ್ದ. ಪತ್ನಿಯನ್ನು ಮನೋವ್ಯಾಧಿ ಕಾಡಿತು. ಜರ್ಜರಿತರಾದ ಹೆಸ್ಸೆ ಮನೋವೈದ್ಯ ಲಾಂಗ್ ಅವರಲ್ಲಿ ಚಿಕಿತ್ಸೆ ಪಡೆದರು. ಚಿತ್ರರಚನೆ ಪ್ರಾರಂಭವಾದುದು ಈ ಕಷ್ಟಕಾಲದಲ್ಲಿ, ನಲವತ್ತರ ಹೊಸ್ತಿಲಲ್ಲಿ. ಅವರು ಯಾವ ಕಲಾಶಾಲೆಯಲ್ಲಿಯೂ ಕಲಿತವರಲ್ಲ.

1919ರಲ್ಲಿ ಅವರು ಸಂಸಾರದಿಂದ ದೂರವಾಗಿ, ದಕ್ಷಿಣ ಸ್ವಿಟ್ಜರ್ಲೆಂಡಿನ ಮೊಂಟಾನ್ಯೋಲಾ ಎಂಬ ಹಳ್ಳಿಯಲ್ಲಿ ಒಬ್ಬರೇ ನೆಲೆಸಿದರು. ಬೆಟ್ಟದ ಇಳಿಜಾರು, ದ್ರಾಕ್ಷಿ ತೋಟ, ಕೆಂಪು ಹೆಂಚಿನ ಮನೆಗಳು, ಕೆಳಗೆ ಲುಗಾನೋ ಸರೋವರ: ಇವೇ ಅವರ ಚಿತ್ರಗಳ ವಸ್ತು. ಮನುಷ್ಯಾಕೃತಿಗಳು ಅಪರೂಪ. ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕಾಗಬೇಕು. ಹಚ್ಚಿದ ಬಣ್ಣವನ್ನು ಅಳಿಸಿ ತಿದ್ದುವುದು ಸುಲಭವಲ್ಲ. ಎದುರಿಗಿರುವುದನ್ನು ಏಕಾಗ್ರತೆಯಿಂದ ನೋಡದೆ ಗತ್ಯಂತರವಿಲ್ಲ. ತನ್ನ ದುಃಖದೊಳಗೇ ಮುಳುಗಿದ್ದ ಮನಸ್ಸಿಗೆ ಬೇಕಾದ ಶಿಸ್ತೂ ಅದೇ ಆಗಿತ್ತು. ಅದೇ ಬೇಸಗೆಯಲ್ಲಿ ಅವರು ಚಿತ್ರಕಾರನನ್ನೇ ನಾಯಕನನ್ನಾಗಿಸಿ ‘ಕ್ಲಿಂಗ್ಸರನ ಕೊನೆಯ ಬೇಸಗೆ’ ಎಂಬ ಕಥೆಯನ್ನು ಬರೆದರು. ‘ಸಿದ್ಧಾರ್ಥ’ವು 1922ರಲ್ಲಿ ಪ್ರಕಟವಾಯಿತು.

ಈ ಕಲೆ ಸ್ವಂತ ಸಾಂತ್ವನಕ್ಕಷ್ಟೇ ಮೀಸಲಾಗಲಿಲ್ಲ. ಯುದ್ಧಕಾಲದಲ್ಲಿ ಹೆಸ್ಸೆ ಬರ್ನ್ ನಗರದಿಂದ ಜರ್ಮನ್ ಯುದ್ಧಕೈದಿಗಳಿಗೆ ಪುಸ್ತಕಗಳನ್ನು ಕಳುಹಿಸುವ ಕಾರ್ಯದಲ್ಲಿ ತೊಡಗಿದ್ದರು. ತಮ್ಮ ಕವಿತೆಗಳನ್ನು ಕೈಯಿಂದ ಬರೆದು, ಪುಟ್ಟ ವರ್ಣಚಿತ್ರಗಳಿಂದ ಅಲಂಕರಿಸಿ ಮಾರಿ, ಬಂದ ಹಣವನ್ನು ಅದಕ್ಕೆ ವಿನಿಯೋಗಿಸಿದರು. 1962ರಲ್ಲಿ ಅವರು ಕೊನೆಯುಸಿರೆಳೆದುದೂ ಮೊಂಟಾನ್ಯೋಲಾದಲ್ಲಿಯೇ.

ನಮ್ಮ ಶಾಲೆಗಳಲ್ಲಿ ಪರೀಕ್ಷೆ ಸಮೀಪಿಸಿದೊಡನೆ ಮೊದಲು ಬಿಟ್ಟುಹೋಗುವುದು ಚಿತ್ರಕಲೆಯ ತಾಸು. ಆ ತಾಸಿನಲ್ಲಿ ಎಲ್ಲ ಮಕ್ಕಳೂ ಕಲಾವಿದರಾಗಬೇಕಿಲ್ಲ. ಮರವೊಂದನ್ನು ನೆಟ್ಟ ನೋಟದಿಂದ ನೋಡಲು ಕಲಿತರೂ ಸಾಕು. ಮುಂದೆ ಬಾಳು ಕುಸಿದಾಗ ಆ ಕಲಿಕೆಯೇ ಊರುಗೋಲಾದೀತು. ನಲವತ್ತನೆಯ ವಯಸ್ಸಿನಲ್ಲಿ ಹೆಸ್ಸೆ ತಾವಾಗಿ ಅರಸಿ ಪಡೆದ ಆ ಊರುಗೋಲನ್ನು ನಮ್ಮ ಮಕ್ಕಳಿಗೆ ಹತ್ತನೆಯ ವಯಸ್ಸಿನಲ್ಲಿಯೇ ಕೊಡುವುದು ಶಿಕ್ಷಕರಿಗೆ ಅಸಾಧ್ಯವಲ್ಲ.