ಬಾಡಿಗೆಗೆ ಬಾಗಿಲು ತಟ್ಟಿದಾಕೆ

ಲಂಡನ್ನಿನ ಮ್ಯಾರಿಲಬೋನ್ ಭಾಗದಲ್ಲಿ ‘ಪ್ಯಾರಡೈಸ್ ಪ್ಲೇಸ್’ ಎಂಬುದೊಂದು ಗಲ್ಲಿಯಿತ್ತು. ಹೆಸರೇನೋ ಸ್ವರ್ಗದ್ದು, ಸೋರುವ ಮಾಳಿಗೆಯ ನೀರಿಗೆ ಮೆಟ್ಟಿಲ ಮೇಲೊಂದು ಬಕೀಟು, ಮೆಟ್ಟಿಲ ಕಟಾಂಜನವೆಲ್ಲ ಎಂದೋ ಒಲೆಗೆ ಸೌದೆ. ೧೮೬೫ರಲ್ಲಿ ಅಲ್ಲಿಯ ಮೂರು ಮನೆಗಳನ್ನು ಲೇಖಕ ಜಾನ್ ರಸ್ಕಿನ್ನರು ಕೊಂಡು, ಇಪ್ಪತ್ತಾರರ ತರುಣಿ ಆಕ್ಟೇವಿಯಾ ಹಿಲ್ ಅವರಿಗೆ ಒಪ್ಪಿಸಿದರು; ಬಂಡವಾಳಕ್ಕೆ ಶೇಕಡಾ ೫ ಆದಾಯ ಬರಬೇಕೆಂಬುದು ಕರಾರು.

ಆಕೆ ವಾರವಾರವೂ ತಾವೇ ಬಾಗಿಲು ತಟ್ಟಿ ಬಾಡಿಗೆ ಪಡೆದರು. ಬಾಕಿಯುಳಿಸಿದವರಿಗೆ ದಾಕ್ಷಿಣ್ಯವಿಲ್ಲ. ನಿಷ್ಠುರವೆಂದೇ ಹೇಳಬೇಕು. ಆದರೆ ಕೆಲಸವಿಲ್ಲದ ದಿನಗಳಲ್ಲಿ ಅದೇ ಮನೆಗಳ ದುರಸ್ತಿಯನ್ನು ಒಕ್ಕಲಿದ್ದವರಿಗೇ ಕೊಟ್ಟು, ಆ ಕೂಲಿಯಿಂದ ಬಾಡಿಗೆ ಸಲ್ಲುವಂತೆ ಮಾಡಿದವರೂ ಅವರೇ. ದುರಸ್ತಿಗೆಂದು ವರ್ಷಕ್ಕಿಷ್ಟು ಹಣ ಮೀಸಲು. ಒಡೆದು ಹಾಳುಮಾಡದೆ ಉಳಿಸಿದರೆ, ಆ ಉಳಿಕೆಯಲ್ಲಿ ಯಾವ ಅನುಕೂಲ ಬೇಕೆಂಬುದನ್ನು ಬಾಡಿಗೆದಾರರೇ ಹೇಳುವರು. ನಡವೆ, ಮೆಟ್ಟಿಲುಗಳನ್ನು ಉಜ್ಜಿ ತೊಳೆಯುವ ಕೂಲಿ ಅಲ್ಲಿಯ ಬೆಳೆದ ಹುಡುಗಿಯರದು. ತೊಳೆದ ನಡವೆಯ ಪಕ್ಕದಲ್ಲಿ ಕೊಳೆಯಾದ ಹೊಸ್ತಿಲು ಎದ್ದು ಕಾಣಿಸಿತು. ಕ್ರಮೇಣ ಕೋಣೆಗಳೂ ಚೊಕ್ಕಟವಾದುವು.