ತೋಟಕ್ಕೊಂದು ಪುಟ್ಟ ಜೀಪು: ಕೊಳ್ಳುವ ಮುನ್ನ ನಾಲ್ಕು ಮಾತು



2024 ಮತ್ತು 2025ರಲ್ಲಿ ಕಾಫಿಗೆ ನಮ್ಮ ತಲೆಮಾರು ಕಾಣದಂಥ ಬೆಲೆ ಬಂದ ಮೇಲೆ ಸಂಘದ ಕಚೇರಿಯಲ್ಲಿ ಗೊಬ್ಬರದ ವಿಚಾರದಷ್ಟೇ ಸಲ ಕೇಳಿಬರುತ್ತಿರುವ ಇನ್ನೊಂದು ವಿಚಾರವೆಂದರೆ ಜೀಪು. "ನಾಲ್ಕು ಚಕ್ರವೂ ಎಳೆಯುವ ಒಂದು ಚಿಕ್ಕ ಗಾಡಿ ತೆಗೆಯೋಣ ಅಂತಿದ್ದೇನೆ, ಯಾವುದಾದೀತು?" ಎಂದು ಕೇಳುವವರಿಗೆಲ್ಲ ಬಿಡಿಬಿಡಿಯಾಗಿ ಉತ್ತರ ಹೇಳುವುದಕ್ಕಿಂತ ನಮ್ಮ ಪತ್ರಿಕೆಯಲ್ಲಿಯೇ ನಾಲ್ಕು ಮಾತು ಬರೆಯುವುದು ಲೇಸೆಂದು ತೋರಿತು. ನಾನು ಎಂಜಿನಿಯರನಲ್ಲ. ತಪ್ಪು ಗಾಡಿ ಕೊಂಡು ಪಾಠ ಕಲಿತವನು, ಅಷ್ಟೇ.

2019ರ ಆಗಸ್ಟ್ ತಿಂಗಳ ಮಳೆಯನ್ನು ಮೂಡಿಗೆರೆ ಸೀಮೆಯವರು ಯಾರೂ ಮರೆತಿಲ್ಲ. ಆ ವಾರದ ಒಂದು ರಾತ್ರಿ ನಮ್ಮ ಲೈನು ಮನೆಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ನಮ್ಮಲ್ಲಿದ್ದುದು ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಪಿಕಪ್ಪು. ಮನೆಯಿಂದ ಟಾರು ರಸ್ತೆಗೆ ಒಂದೂಕಾಲು ಕಿಲೋಮೀಟರು ಮಣ್ಣಿನ ದಾರಿ. ಸಂಕ ದಾಟಿ ಏರು ಹತ್ತುವ ತಿರುವಿನಲ್ಲಿ ಗಾಡಿಯ ಹಿಂಭಾಗ ಚರಂಡಿಗೆ ಜಾರಿತು. ಎಷ್ಟು ತಳ್ಳಿದರೂ ಮೇಲೆ ಬರಲಿಲ್ಲ. ಕೊನೆಗೆ ಬೆತ್ತದ ಕುರ್ಚಿಗೆ ಎರಡು ಬಿದಿರು ಗಳ ಕಟ್ಟಿ, ನಾಲ್ವರು ಆಳುಗಳು ಆ ಜಡಿಮಳೆಯಲ್ಲಿ ಅವಳನ್ನು ಹೊತ್ತು ರಸ್ತೆ ಮುಟ್ಟಿಸಿದರು. ದೇವರ ದಯದಿಂದ ತಾಯಿ ಮಗು ಇಬ್ಬರೂ ಉಳಿದರು. ಆ ಮಗು ಈಗ ಶಾಲೆಗೆ ಹೋಗುತ್ತಿದೆ.

ಆ ರಾತ್ರಿಯ ಹೆದರಿಕೆ ಆರುವ ಮುಂಚೆಯೇ ನಾನೊಂದು ಹಳೆಯ ಡೀಸೆಲ್ ಜೀಪು ಕೊಂಡೆ. ಎಂಜಿನ್ ಚೆನ್ನಾಗಿತ್ತು, ಬಣ್ಣ ಹೊಸದಾಗಿತ್ತು, ಗೇರಿನ ಪಕ್ಕದಲ್ಲಿ ಇರಬೇಕಾದ ಎರಡನೆಯ ಸನ್ನೆಯೂ ಇತ್ತು. ಮರುವರ್ಷದ ಆರಿದ್ರಾ ಮಳೆಯಲ್ಲಿ ಅದೇ ತಿರುವಿನಲ್ಲಿ ಅದೂ ನಿಂತಿತು. ಪೇಟೆಯಿಂದ ಬಂದ ಫಿಟ್ಟರು ಗಾಡಿಯ ಅಡಿಗೆ ತೂರಿ, ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, "ಅಯ್ಯಾ, ಇದರ ಮುಂದಿನ ಪ್ರೊಪೆಲ್ಲರ್ ಶಾಫ್ಟೇ ಇಲ್ಲವಲ್ಲ!" ಎಂದ. ಡೀಸೆಲ್ ಉಳಿಸಲೆಂದು ಹಿಂದಿನ ಯಾರೋ ಮಾಲೀಕರು ಅದನ್ನು ಬಿಚ್ಚಿಟ್ಟಿದ್ದರು. ಸಂಘದ ಲೆಕ್ಕದಲ್ಲಿ ಒಂದೊಂದು ರೂಪಾಯಿ ತಾಳೆ ನೋಡುವ ನಾನು, ಲಕ್ಷಗಟ್ಟಲೆ ಕೊಡುವಾಗ ಒಮ್ಮೆ ಬಗ್ಗಿ ಗಾಡಿಯ ಅಡಿಭಾಗ ನೋಡಿರಲಿಲ್ಲ.

ಮೊದಲು ದಾರಿಯನ್ನು ಅಳೆಯಿರಿ

ಗಾಡಿಯ ಅಂಗಡಿಗೆ ಹೋಗುವ ಮೊದಲು ಒಂದು ಟೇಪು ಹಿಡಿದು ತಮ್ಮದೇ ತೋಟದ ದಾರಿಯಲ್ಲಿ ನಡೆದು ಬನ್ನಿ. ಸಂಕದ ಅಗಲ ಎಷ್ಟು? ಧರೆಗೂ ಮರಕ್ಕೂ ನಡುವೆ ಅತಿ ಇಕ್ಕಟ್ಟಾದ ಜಾಗ ಎಷ್ಟು? ಒಂದೇ ಸಲಕ್ಕೆ ತಿರುಗಲಾಗದ ತಿರುವು ಎಷ್ಟಿವೆ? ಚಕ್ರದ ಜಾಡು ಆಳವಾಗಿ, ನಡುವಿನ ದಿಬ್ಬ ಎತ್ತರವಾಗಿ ಉಳಿದಿರುವುದು ಎಲ್ಲಿ? ಈ ನಾಲ್ಕನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತಮ್ಮ ದಾರಿಯ ಅತಿ ಕೆಟ್ಟ ನೂರು ಅಡಿ, ವರ್ಷದ ಅತಿ ಕೆಟ್ಟ ತಿಂಗಳು, ಇವೆರಡಕ್ಕೆ ಒಪ್ಪುವ ಗಾಡಿಯೇ ತಮ್ಮ ಗಾಡಿ. ಬೇಸಗೆಯಲ್ಲಿ ಯಾವ ಗಾಡಿಯೂ ಹೋಗುತ್ತದೆ.

ಎರಡನೆಯದಾಗಿ, ಗಾಡಿ ಯಾವ ಕೆಲಸಕ್ಕೆ ಎಂಬುದನ್ನು ನಿಶ್ಚಯಿಸಿಕೊಳ್ಳಿ. ಬೋರ್ಡೋ ದ್ರಾವಣದ 200 ಲೀಟರಿನ ಒಂದು ಪೀಪಾಯಿ ತುಂಬಿದರೆ ಅದರ ತೂಕವೇ 200 ಕೆ.ಜಿ. ದಾಟುತ್ತದೆ. ಪಂಪು, ಮೂವರು ಆಳುಗಳು ಸೇರಿದರೆ ಸಣ್ಣ ಜೀಪಿನ ಶಕ್ತಿ ಅಲ್ಲಿಗೆ ಮುಗಿಯಿತು. ಹಣ್ಣು ಕಾಫಿಯ ಮೂಟೆ, ಅಡಿಕೆ ಗೊನೆ, ಗೊಬ್ಬರ ಇವೆಲ್ಲ ಟ್ರ್ಯಾಕ್ಟರು, ಪಿಕಪ್ಪುಗಳ ಕೆಲಸ. ಪುಟ್ಟ ಜೀಪು ಇರುವುದು ಜನರನ್ನು, ಅಲ್ಪಸ್ವಲ್ಪ ಸಾಮಾನನ್ನು, ಎಂಥ ಮಳೆಯಲ್ಲೂ ರಸ್ತೆ ಮುಟ್ಟಿಸುವುದಕ್ಕೆ. ಒಂದೇ ಗಾಡಿಯಿಂದ ಎರಡೂ ಕೆಲಸ ಆಗಬೇಕೆನ್ನುವವರು ನಾಲ್ಕು ಚಕ್ರ ಎಳೆಯುವ ಪಿಕಪ್ಪಿನ ಕಡೆ ನೋಡುವುದು ಮೇಲು.

ಸನ್ನೆಯ ಹಿಂದಿನ ಗುಟ್ಟು

ನಮ್ಮ ಕಡೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಗಳು ಮಾತ್ರ ಎಳೆಯುತ್ತಿರುತ್ತವೆ. ಎರಡನೆಯ ಸನ್ನೆ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯ ಮೂಲಕ ಮುಂದಿನ ಚಕ್ರಗಳಿಗೂ ಶಕ್ತಿ ಹೋಗುತ್ತದೆ. ಇದೇ ಪೆಟ್ಟಿಗೆಯಲ್ಲಿ 'ಲೋ' ಎಂಬ ಇನ್ನೊಂದು ಸ್ಥಾನವಿದೆ. ಅದನ್ನು ಹಾಕಿದರೆ ಗಾಡಿಯ ವೇಗ ಅರ್ಧಕ್ಕೂ ಇಳಿಯುತ್ತದೆ, ಎಳೆತ ಅದೇ ಪ್ರಮಾಣದಲ್ಲಿ ಏರುತ್ತದೆ. ಮೊದಲನೆಯ ಗೇರಿನಲ್ಲಿ ಗಾಡಿ ಮನುಷ್ಯ ನಡೆಯುವಷ್ಟೇ ನಿಧಾನವಾಗಿ ಏರು ಹತ್ತುತ್ತದೆ, ಕ್ಲಚ್ಚು ಸುಡುವುದಿಲ್ಲ. ಇಳಿಯುವಾಗ ಎಂಜಿನ್ನೇ ಗಾಡಿಯನ್ನು ಹಿಡಿದಿಡುವುದರಿಂದ ಬ್ರೇಕು ಒತ್ತಿ ಜಾರುವ ಭಯ ಕಡಿಮೆ. ನಮ್ಮ ಮಲೆನಾಡಿನ ಇಳಿಜಾರಿಗೆ ನಿಜವಾಗಿ ಬೇಕಾದದ್ದು ಈ 'ಲೋ' ಗೇರು. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, "ಲೋ ಗೇರು ಇದೆಯೇ?" ಎಂಬುದು. ಪೇಟೆಯ ಕಾರುಗಳಂತೆ ಕಾಣುವ ಕೆಲವು ಎತ್ತರದ ಗಾಡಿಗಳಲ್ಲಿ ನಾಲ್ಕೂ ಚಕ್ರ ಎಳೆಯುತ್ತವೆ, ಆದರೆ ಲೋ ಗೇರು ಇರುವುದಿಲ್ಲ. ಒದ್ದೆ ರಸ್ತೆಗೆ ಅವು ಸರಿ, ತೋಟದ ಏರಿಗೆ ಸಾಲವು.

ಇಲ್ಲಿ ಎರಡು ಎಚ್ಚರಿಕೆ. ಸನ್ನೆಯಿಂದ ಹಾಕುವ ಇಂಥ ಗಾಡಿಗಳನ್ನು ಒಣ ಟಾರು ರಸ್ತೆಯಲ್ಲಿ ನಾಲ್ಕು ಚಕ್ರದ ಎಳೆತದಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಕ್ರಮಿಸುವ ದೂರ ಬೇರೆ ಬೇರೆ. ಕೆಸರಿನಲ್ಲಾದರೆ ಆ ವ್ಯತ್ಯಾಸ ಜಾರಿ ಕಳೆದುಹೋಗುತ್ತದೆ, ಟಾರಿನ ಮೇಲೆ ಅದು ಗೇರು ಶಾಫ್ಟುಗಳನ್ನು ತಿರುಚುತ್ತದೆ. ಇನ್ನೊಂದು, ನಾಲ್ಕು ಚಕ್ರ ಎಳೆಯುವುದರಿಂದ ಗಾಡಿ ಬೇಗ ನಿಲ್ಲುತ್ತದೆಯೆಂದು ಭ್ರಮಿಸಬೇಡಿ. ಬ್ರೇಕಿನ ಲೆಕ್ಕದಲ್ಲಿ ಎಲ್ಲ ಗಾಡಿಯೂ ಒಂದೇ.

ಹಗುರ ಗಾಡಿಯ ಹಿರಿಮೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಅಮೆರಿಕದಲ್ಲಿ ಆರು ಲಕ್ಷಕ್ಕೂ ಮೀರಿ ತಯಾರಾದ ಮೂಲ ಜೀಪಿನ ಅಗಲ ಐದು ಅಡಿ ಎರಡು ಅಂಗುಲ, ತೂಕ ಸುಮಾರು 1.1 ಟನ್. ಆ ಗಾತ್ರ ಸುಮ್ಮನೆ ಬಂದದ್ದಲ್ಲ. ಹುಗಿದಾಗ ನಾಲ್ಕು ಜನ ಎತ್ತಿ ತಳ್ಳುವಂತಿರಬೇಕು, ಕಾಲುದಾರಿಯಲ್ಲೂ ನುಗ್ಗುವಂತಿರಬೇಕು. ಯುದ್ಧ ಮುಗಿದ ಮೇಲೆ ಮಹೀಂದ್ರಾದವರು ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿದರು, ಅವುಗಳಲ್ಲಿ ಎಷ್ಟೋ ನಮ್ಮ ಹಿರಿಯರ ತೋಟಗಳಿಗೂ ಬಂದವು.

ಜಪಾನಿನ ಸುಝುಕಿಯವರು 1970ರಲ್ಲಿ ಕೇವಲ 359 ಸಿ.ಸಿ. ಎಂಜಿನ್ನಿನ ಜಿಮ್ನಿ ತಂದರು. ಅದರ ಮುಂದಿನ ಪೀಳಿಗೆಯೇ 1985ರ ಕೊನೆಯಲ್ಲಿ ನಮ್ಮಲ್ಲಿಗೆ ಬಂದ ಮಾರುತಿ ಜಿಪ್ಸಿ. ಮೊದಲು 970 ಸಿ.ಸಿ., 1996ರಿಂದ 1.3 ಲೀಟರಿನ ಪೆಟ್ರೋಲ್ ಎಂಜಿನ್. ತೂಕ ಸುಮಾರು ಒಂದು ಟನ್, ಅಗಲ ಐದು ಅಡಿ ಚಿಲ್ಲರೆ. ದೊಡ್ಡ ಡೀಸೆಲ್ ಗಾಡಿ ತನ್ನ ಭಾರಕ್ಕೇ ಕುಸಿಯುವ ಜಾಗದಲ್ಲಿ ಜಿಪ್ಸಿ ತೇಲಿದಂತೆ ಹೋಗುವುದನ್ನು ತಾವು ನೋಡಿರುತ್ತೀರಿ. ಸೀಟು ಗಟ್ಟಿ, ಪೆಟ್ರೋಲ್ ಖರ್ಚು ಹೆಚ್ಚು, ಇವು ಅದರ ದೋಷಗಳು. 2019ರ ಹೊತ್ತಿಗೆ ಸಾರ್ವಜನಿಕರಿಗೆ ಅದರ ಮಾರಾಟ ನಿಂತಿತು. ಈಗ ಸಿಗುವುದೆಲ್ಲ ಹಳೆಯ ಗಾಡಿ.

ಅದರ ಜಾಗಕ್ಕೆ 2023ರ ಜೂನ್‌ನಲ್ಲಿ ಐದು ಬಾಗಿಲಿನ ಜಿಮ್ನಿ ಬಂತು. 1.5 ಲೀಟರ್ ಪೆಟ್ರೋಲ್, ನೆಲದಿಂದ ಎತ್ತರ 210 ಮಿ.ಮೀ., ಅಗಲ 1645 ಮಿ.ಮೀ. ಅಂದರೆ ಐದು ಅಡಿ ಐದು ಅಂಗುಲದಷ್ಟು, ತೂಕ ಸುಮಾರು 1200 ಕೆ.ಜಿ. ಲೋ ಗೇರು ಎಲ್ಲ ಮಾದರಿಯಲ್ಲೂ ಇದೆ. ನಾಲ್ಕೇ ಜನಕ್ಕೆ ಜಾಗ, ಡೀಸೆಲ್ ಇಲ್ಲ.

ಇನ್ನೊಂದು ಮಹೀಂದ್ರಾ ಥಾರ್. 2010ರಲ್ಲಿ ಬಂದು, 2020ರ ಅಕ್ಟೋಬರ್‌ನಲ್ಲಿ ಪೂರ್ತಿ ಹೊಸದಾಯಿತು. ನೆಲದಿಂದ ಎತ್ತರ 226 ಮಿ.ಮೀ., ಡೀಸೆಲ್ ಎಂಜಿನ್ನಿನ ಎಳೆತ ಬಲು ಜೋರು. ಆದರೆ ಅಗಲ ಹೆಚ್ಚು ಕಡಿಮೆ ಆರು ಅಡಿ, ತೂಕ ಒಂದೂವರೆ ಟನ್ನಿಗೂ ಮೇಲೆ. ದಾರಿ ಅಗಲವಾಗಿದ್ದು ಸಣ್ಣ ಟ್ರೈಲರು ಎಳೆಯುವ ಕೆಲಸವೂ ಇದ್ದರೆ ಇದು ಒಳ್ಳೆಯ ಗಾಡಿ. ಒಂದು ಮಾತು ನೆನಪಿಡಿ: 2023ರ ಜನವರಿಯಿಂದ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಥಾರ್ ಕೂಡ ಮಾರಾಟಕ್ಕೆ ಬಂದಿದೆ. ಹೊರಗಿನಿಂದ ನೋಡಿದರೆ ಎರಡೂ ಅಣ್ಣ ತಮ್ಮಂದಿರಂತೆ. ಬೆಲೆ ಕಡಿಮೆಯೆಂದು ಅದನ್ನು ತಂದರೆ ಆಷಾಢದಲ್ಲಿ ಕೈ ಕೊಡುತ್ತದೆ.

ಹೀಗಿರಲು ಯಾವುದು ಒಳ್ಳೆಯದೆಂಬ ಪ್ರಶ್ನೆಗೆ ತಾವು ಬರೆದಿಟ್ಟ ಚೀಟಿಯೇ ಉತ್ತರ ಹೇಳುತ್ತದೆ. ನನ್ನ ಸಂಕದ ಅಗಲ ಏಳು ಅಡಿ. ಆರು ಅಡಿಯ ಗಾಡಿ ದಾಟಿದರೆ ಎರಡು ಪಕ್ಕ ಉಳಿಯುವುದು ಅರ್ಧರ್ಧ ಅಡಿ. ಕತ್ತಲೆಯಲ್ಲಿ, ಮಳೆಯಲ್ಲಿ, ಗಾಬರಿಯಲ್ಲಿ ಆ ಅರ್ಧ ಅಡಿಯನ್ನು ನಾನು ನಂಬಲಾರೆ. ಆದ್ದರಿಂದ ಹಳೆಯ ಜೀಪು ಮಾರಿ, ನಷ್ಟ ನುಂಗಿಕೊಂಡು, ನೋಡಿ ಪರೀಕ್ಷಿಸಿ ಒಂದು ಜಿಪ್ಸಿ ತಂದಿದ್ದೇನೆ.

ಹಳೆಯ ಗಾಡಿ ಕೊಳ್ಳುವವರಿಗೆ

ನನ್ನಂತೆ ಮೋಸಹೋಗದಿರಲು ಒಂದು ಸುಲಭ ಪರೀಕ್ಷೆಯಿದೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಮೊದಲನೆಯ ಗೇರು ಹಾಕಿ. ಎರಡನೆಯ ಸನ್ನೆಯನ್ನು ನಾಲ್ಕು ಚಕ್ರದ ಲೋ ಸ್ಥಾನಕ್ಕೆ ತನ್ನಿ. ಮುಂದಿನ ಚಕ್ರದ ಗುಂಬದಲ್ಲಿ ತಿರುಗಿಸುವ ಬಿರಡೆ ಇದ್ದರೆ ಅದನ್ನೂ ಹಾಕಿ. ಈಗ ಮುಂದಿನ ಒಂದೇ ಚಕ್ರವನ್ನು ಜಾಕಿನಿಂದ ಎತ್ತಿ ಕೈಯಿಂದ ತಿರುಗಿಸಿ ನೋಡಿ. ಸ್ವಲ್ಪ ಅಲುಗಾಡಿ ಗಟ್ಟಿಯಾಗಿ ನಿಂತರೆ ಸರಿ. ಸಲೀಸಾಗಿ ತಿರುಗಿದರೆ ಮುಂದಿನ ಚಕ್ರಕ್ಕೆ ಶಕ್ತಿ ಹೋಗುತ್ತಿಲ್ಲವೆಂದೇ ಅರ್ಥ. ಇನ್ನೊಂದು ಬದಿಯ ಚಕ್ರವನ್ನೂ ಹೀಗೆಯೇ ನೋಡಿ. ಗಾಡಿಯ ಅಡಿಗೆ ಮಾತ್ರ ಯಾರೂ ಆಗ ಹೋಗಬಾರದು.

ಆಮೇಲೆ ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬನ್ನಿ, ತುಕ್ಕು ತಿಂದ ಕಡೆ ಸದ್ದು ಬೇರೆಯಾಗುತ್ತದೆ. ಡಿಫರೆನ್ಷಿಯಲ್ಲಿನ ಎಣ್ಣೆ ಹಾಲು ಬೆರೆಸಿದಂತಿದ್ದರೆ ನೀರು ಹೊಕ್ಕಿದೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಗಾಡಿಗಳು ಬಹಳ. ಆ ಬದಲಾವಣೆ ನೋಂದಣಿ ಪುಸ್ತಕದಲ್ಲಿ ದಾಖಲಾಗದಿದ್ದರೆ ಮುಟ್ಟಬೇಡಿ, ನಾಳೆ ವಿಮೆಯ ಹಣ ಬೇಕಾದಾಗ ತೊಡಕಾದೀತು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಖರ್ಚನ್ನೂ ಬೆಲೆಯಲ್ಲಿ ಹಿಡಿದು ಮಾತಾಡಿ.

ಟೈರಿನ ವಿಚಾರ. ನುಣುಪಾದ ಟಾರು ರಸ್ತೆಯ ಟೈರಿನ ಸಂದುಗಳು ನಮ್ಮ ಜಿಗಟು ಮಣ್ಣಿನಲ್ಲಿ ಎರಡು ಸುತ್ತಿಗೇ ಮುಚ್ಚಿಹೋಗುತ್ತವೆ, ಮತ್ತೆ ನಾಲ್ಕು ಚಕ್ರವಿದ್ದೂ ಫಲವಿಲ್ಲ. ಅಗಲವಾದ ಸಂದುಗಳಿರುವ ಕೆಸರಿನ ಟೈರನ್ನೇ ಹಾಕಿಸಿ. ಒಂದು ಜೊತೆ ಚಕ್ರದ ಸರಪಳಿ, ಗಟ್ಟಿ ಹಗ್ಗ, ಹಾರೆ, ಗುದ್ದಲಿ ಮುಂಗಾರು ಮುಗಿಯುವವರೆಗೂ ಗಾಡಿಯಲ್ಲೇ ಇರಲಿ.

ಹಣದ ಮಾತು

ಜಿಮ್ನಿ ಬಿಡುಗಡೆಯಾದಾಗಲೇ ಅಂಗಡಿ ಬೆಲೆ 12.74 ಲಕ್ಷ ರೂಪಾಯಿಯಿಂದ ಆರಂಭವಾಗಿತ್ತು. ತೆರಿಗೆ, ವಿಮೆ ಅದರ ಮೇಲೆ. ನಾಲ್ಕೈದು ಎಕರೆಯ ಸದಸ್ಯರಿಗೆ ಇದು ಹಗುರದ ಹೊರೆಯಲ್ಲ. ಕಾರ್ಯದರ್ಶಿಯಾಗಿ ಒಂದು ಮಾತನ್ನು ಸ್ಪಷ್ಟವಾಗಿ ಅರಿಕೆ ಮಾಡಿಕೊಳ್ಳುತ್ತೇನೆ: ರಿಯಾಯಿತಿ ಬಡ್ಡಿಯ ಬೆಳೆಸಾಲ ಇರುವುದು ಗೊಬ್ಬರಕ್ಕೆ, ಮೈಲುತುತ್ತಕ್ಕೆ, ಕೂಲಿಗೆ. ಅದನ್ನು ಗಾಡಿಗೆ ತಿರುಗಿಸಬೇಡಿ. ಬೆಲೆ ಇಳಿದ ವರ್ಷ ಗಾಡಿಯ ಕಂತೂ ಬೆಳೆಸಾಲವೂ ಒಟ್ಟಿಗೆ ಬಾಗಿಲು ತಟ್ಟುತ್ತವೆ.

ಗಾಡಿ ಕೊಳ್ಳದೆಯೂ ದಾರಿಯಿದೆ. ತಮ್ಮ ಚೀಟಿಯಲ್ಲಿ ಕೆಟ್ಟ ಜಾಗ ಒಂದೇ ಇದ್ದರೆ, ಅಲ್ಲಿ ಚಕ್ರ ಹಾಯುವಷ್ಟಕ್ಕೆ ಎರಡು ಕಾಂಕ್ರೀಟು ಪಟ್ಟಿ ಹಾಕಿಸಿ. ನೂರು ಅಡಿ ಉದ್ದ, ತಲಾ ಎರಡು ಅಡಿ ಅಗಲ, ಅರ್ಧ ಅಡಿ ದಪ್ಪವೆಂದರೆ 200 ಘನ ಅಡಿ ಕಾಂಕ್ರೀಟು ಆಗುತ್ತದೆ. ಮೇಲ್ಭಾಗವನ್ನು ನುಣುಪು ಮಾಡದೆ ಗೀರು ಎಳೆಸಿ, ಪಕ್ಕದಲ್ಲಿ ನೀರು ಹರಿಯಲು ಚರಂಡಿ ಬಿಡಿ. ಇದರ ಖರ್ಚು ಹೊಸ ಜೀಪಿನ ಬೆಲೆಯ ಸಣ್ಣದೊಂದು ಪಾಲು. ಜೀಪು ಇದ್ದವರಿಗೂ ಇದು ಬೇಕು. ನಾನು ಜಿಪ್ಸಿ ತಂದ ವರ್ಷವೇ ಆ ತಿರುವಿಗೆ ಪಟ್ಟಿ ಹಾಕಿಸಿದೆ. ನಿಜ ಹೇಳಬೇಕೆಂದರೆ, ಮೊದಲೇ ಹಾಕಿಸಿದ್ದರೆ ಆ ರಾತ್ರಿ ಪಿಕಪ್ಪೇ ಹತ್ತುತ್ತಿತ್ತು.

ಅಕ್ಕಪಕ್ಕದ ಎರಡು ಮೂರು ತೋಟದವರು ಒಂದೇ ದಾರಿ ಬಳಸುವುದಾದರೆ, ಪಟ್ಟಿಯ ಖರ್ಚನ್ನು ಹಂಚಿಕೊಳ್ಳಬಹುದು. ಒಬ್ಬರ ಮನೆಯಲ್ಲಿ ಒಳ್ಳೆಯ ಜೀಪಿದ್ದರೆ ರಾತ್ರಿ ಹೊತ್ತಿನ ಕಷ್ಟಕ್ಕೆ ಅದು ಮೂರು ಮನೆಯ ಜೀಪು ಎಂದು ಮೊದಲೇ ಮಾತಾಡಿಕೊಂಡಿರಿ. ಲೈನು ಮನೆಯವರಿಗೂ ಅದು ತಿಳಿದಿರಲಿ. ಹಳೆಯ ಗಾಡಿ ನೋಡಲು ಹೋಗುವ ಸದಸ್ಯರು ಒಂದು ಮಾತು ತಿಳಿಸಿದರೆ, ಜಾಕು ಹಿಡಿದು ಜೊತೆಗೆ ಬರಲು ನಾನು ಸಿದ್ಧ.